ಫಿಲ್ಟರ್ ಓಡ್ತಿದ್ರೂ ತಳದಲ್ಲಿ ಕಸ ಯಾಕೆ?

ಫಿಲ್ಟರ್ 24 ಗಂಟೆ ಓಡ್ತಿದೆ. ಆದ್ರೂ ಅಕ್ವೇರಿಯಂ ತಳದಲ್ಲಿ ಕಸ! ಬಹಳ ಸಲ ಕಾರಣ ಇಷ್ಟೇ: ನೀರು ಸರಿಯಾಗಿ ಸುತ್ತುತ್ತಿಲ್ಲ.

100 ಲೀಟರ್ ತೊಟ್ಟಿಗೆ ಗಂಟೆಗೆ 400ರಿಂದ 500 ಲೀಟರ್ ಹರಿಸುವ ಫಿಲ್ಟರ್ ಇರಲಿ. ನೀರು ಹೀರೋ ಪೈಪು ತಳದ ಹತ್ತಿರ ಇರಲಿ. ಅದರ ಬಾಯಿಗೆ ಒರಟು ಸ್ಪಾಂಜ್ ಹಾಕಿ. ದೊಡ್ಡ ಕಸ ಅಲ್ಲೇ ನಿಲ್ಲುತ್ತೆ, ಮರಿಮೀನೂ ಒಳಗೆ ಹೋಗಲ್ಲ.

ಜಲ್ಲಿಯೊಳಗೆ ಕೂತ ಹಿಕ್ಕೆ, ಮಿಕ್ಕ ತಿಂಡಿ ಯಾವ ಫಿಲ್ಟರ್‌ಗೂ ಸಿಗಲ್ಲ. ವಾರಕ್ಕೊಮ್ಮೆ ಸೈಫನ್ ಪೈಪಿಂದ ಎಳೆದು ತೆಗೀರಿ. ಜೊತೆಗೇ ಕಾಲು ಭಾಗ ನೀರೂ ಬದಲಾಗುತ್ತೆ.

ಸ್ಪಾಂಜನ್ನ ನಲ್ಲಿ ನೀರಲ್ಲಿ ತೊಳೀಬೇಡಿ! ಮೀನಿಗೆ ವಿಷವಾಗೋ ಅಮೋನಿಯಾವನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಅದರಲ್ಲೇ ಇರೋದು. ನಲ್ಲಿ ನೀರಿನ ಕ್ಲೋರಿನ್ ಅವನ್ನ ಕೊಲ್ಲುತ್ತೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಹೊಸ ನೀರಿಗೆ ಆಂಟಿ ಕ್ಲೋರಿನ್ ಹನಿ ಮರೀಬೇಡಿ.