ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂದಾಗ

ಜ್ವರದಿಂದ ಮಲಗಿದ್ದ ಮಗು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರತೊಡಗಿದರೆ ಹೆತ್ತವರ ಜೀವ ಬಾಯಿಗೆ ಬರುತ್ತದೆ. ಮಗು ಕೈತಪ್ಪಿತೆಂದೇ ಹಲವರು ತಿಳಿಯುತ್ತಾರೆ. ಆದರೆ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗೆ ಜ್ವರದ ಸೆಳೆತ ಬರುವುದುಂಟು. ಹೆಚ್ಚಾಗಿ ಇದು ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಮೆದುಳಿಗೆ ಹಾನಿಯಾಗುವುದಿಲ್ಲ.

ಆ ಹೊತ್ತಿನಲ್ಲಿ ತಾಯಿ ಮಾಡಬೇಕಾದದ್ದು ಇಷ್ಟೆ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಕುತ್ತಿಗೆಯ ಬಟ್ಟೆ ಸಡಿಲಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ. ಗಡಿಯಾರ ನೋಡಿ. ಅದುರುವ ಕೈಕಾಲುಗಳನ್ನು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ ತುರುಕಬೇಡಿ, ಹಲ್ಲು ಮುರಿದು ಶ್ವಾಸನಾಳಕ್ಕೆ ಇಳಿಯಬಹುದು. ಪೂರ್ಣ ಎಚ್ಚರವಾಗುವ ತನಕ ನೀರನ್ನಾಗಲಿ ಔಷಧವನ್ನಾಗಲಿ ಕುಡಿಸಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಸೆಳೆತ ನಿಲ್ಲುವುದಿಲ್ಲ. ಬರೆ ಹಾಕುವುದಂತೂ ಕ್ರೌರ್ಯ.

ಸೆಳೆತ ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ನಿಂತ ಮೇಲೂ ಮಗುವಿಗೆ ಸರಿಯಾಗಿ ಎಚ್ಚರವಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮೊದಲ ಬಾರಿಯ ಸೆಳೆತವಾದರೆ, ಬೇಗ ನಿಂತರೂ ಅಂದೇ ವೈದ್ಯರಿಗೆ ತೋರಿಸಬೇಕು. ಜ್ವರದ ಹಿಂದೆ ಮಿದುಳು ಪೊರೆಯ ಸೋಂಕು ಇಲ್ಲವೆಂಬುದು ಖಚಿತವಾಗಬೇಕು.

ಸೆಳೆತ ನಿಂತ ಬಳಿಕ ಮಗುವಿನ ಉಸಿರಾಟವನ್ನೂ ಗಮನಿಸಿ. ಜ್ವರಕ್ಕೆ ನ್ಯುಮೋನಿಯಾ ಕಾರಣವಾಗಿರಬಹುದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಎದೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದುಕೊಂಡರೆ, ತುಟಿ ನೀಲಿಯಾಗಿಯೇ ಉಳಿದರೆ, ಹಾಲು ಕುಡಿಯಲಾಗದಿದ್ದರೆ ಬೆಳಗಾಗಲೆಂದು ಕಾಯಬೇಡಿ.

ಪ್ಯಾರಾಸಿಟಮಾಲ್ ಜ್ವರದ ಸಂಕಟ ತಗ್ಗಿಸುತ್ತದೆ. ಆದರೆ ಸೆಳೆತ ಮತ್ತೆ ಬಾರದಂತೆ ಅದು ತಡೆಯುವುದಿಲ್ಲ. ಆದ್ದರಿಂದ ಹೆದರಿ ಹೆಚ್ಚು ಕೊಡಬೇಡಿ. ಅಂಗಡಿಯಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪೂ 250 ಮಿ.ಗ್ರಾಂ. ಇರುವ ಸಿರಪ್ಪೂ ಸಿಗುತ್ತವೆ. ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತದೆ. ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ಕೆಲವು ಮನೆಗಳಲ್ಲಿ, ಅದರಲ್ಲೂ ಹೆಣ್ಣು ಮಗುವಾದರೆ, ‘ಫಿಟ್ಸ್’ ಎಂಬ ಮಾತು ಹೊರಗೆ ಹೋಗದಂತೆ ಮುಚ್ಚಿಡುತ್ತಾರೆ. ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಭಯ. ಜ್ವರದ ಸೆಳೆತವೇ ಬೇರೆ, ಅಪಸ್ಮಾರವೇ ಬೇರೆ. ಸೆಳೆತ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಇನ್ನೊಂದು ಜ್ವರದಲ್ಲಿ ಮರುಕಳಿಸಬಹುದು. ಆದರೆ ಬಹುಪಾಲು ಮಕ್ಕಳಿಗೆ ಐದಾರು ವರ್ಷ ತುಂಬುವಷ್ಟರಲ್ಲಿ ತಾನಾಗಿ ನಿಂತುಹೋಗುತ್ತದೆ. ಮುಚ್ಚಿಟ್ಟರೆ ಮಾತ್ರ ಅಪಾಯ. ವಿಷಯ ತಿಳಿಯದ ಅಂಗನವಾಡಿ ಕಾರ್ಯಕರ್ತೆಯೋ, ಮಗುವನ್ನು ನೋಡಿಕೊಳ್ಳುವ ಅಜ್ಜಿಯೋ ಆ ಹೊತ್ತಿನಲ್ಲಿ ಬಾಯಿಗೆ ನೀರು ಸುರಿದಾರು. ಮಗುವನ್ನು ಯಾರ ಬಳಿ ಬಿಟ್ಟು ಹೋಗುತ್ತೀರೋ ಅವರಿಗೆ ಇಂದೇ ವಿಷಯ ತಿಳಿಸಿ. ಮಗ್ಗುಲಿಗೆ ಮಲಗಿಸುವುದು ಹೇಗೆಂದು ಒಮ್ಮೆ ತೋರಿಸಿಕೊಡಿ.