ಒಂದು ದಿನದ ಗೆಲುವೂ ಗೆಲುವೇ

ಕರಿಕೆ ಹತ್ತಿದ ಹೊಲವನ್ನು ಒಂದೇ ಸಲದ ನೇಗಿಲಿನಿಂದ ಹಸನು ಮಾಡಿದ ರೈತ ಯಾವ ಊರಿನಲ್ಲಿಯೂ ಇಲ್ಲ. ಆಳವಾಗಿ ನೇಗಿಲು ಹೊಡೆದು ಬೇರು ಕೀಳಬೇಕು, ಬೇಸಿಗೆಯ ಬಿಸಿಲಿಗೆ ಒಣಗಲು ಬಿಡಬೇಕು, ಆರಿಸಿ ಬದುವಿನಾಚೆ ಹಾಕಬೇಕು. ಮುಂದಿನ ವರ್ಷ ಮತ್ತೆ ಅಲ್ಲಲ್ಲಿ ಚಿಗುರು ಕಾಣುತ್ತದೆ, ಮತ್ತೆ ಕೀಳಬೇಕು. ಹಾಗೆಂದು ಆ ರೈತನನ್ನು ಯಾರೂ ನೋಡಿ ನಗುವುದಿಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ನೆಲ ಹಸನಾಯಿತು ಎಂದು ಕೇಳುತ್ತಾರೆ. ಬಂದಷ್ಟು ಬೆಳೆಯನ್ನು ಕಂಡು ಸಂತೋಷಪಡುತ್ತಾರೆ.

ಆದರೆ ಕುಡಿತದ ಚಟ ಹತ್ತಿದ ಮನುಷ್ಯನ ವಿಷಯ ಬಂದಾಗ ಈ ತಾಳ್ಮೆ ನಮ್ಮಲ್ಲಿ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಕುಡಿದವನು ನಾಲ್ಕು ದಿನ ಬಿಟ್ಟು ಕಟ್ಟೆಗೆ ಬಂದು ಕುಳಿತರೆ, 'ನಾಲ್ಕು ದಿನದ್ದೇನು ಹೇಳುತ್ತೀಯೋ, ನಾಲ್ಕು ವರ್ಷ ಬಿಟ್ಟು ತೋರಿಸು' ಎನ್ನುತ್ತೇವೆ. 'ಕುಡಿಯದಿರುವುದು ಮನುಷ್ಯನ ಧರ್ಮ, ಅದಕ್ಕೇಕೆ ಹೊಗಳಿಕೆ?' ಎಂದು ಕೇಳುವ ಹಿರಿಯರೂ ಉಂಟು. ಈ ಮಾತು ಕೇಳಲು ಸರಿಯಾಗಿಯೇ ಇದೆ. ನಡೆಯುವುದೂ ಮನುಷ್ಯನ ಸಹಜ ಧರ್ಮವೇ. ಆದರೆ ಕಾಲು ಮುರಿದು ಆರು ತಿಂಗಳು ಮಲಗಿದ್ದವನು ಗೋಡೆ ಹಿಡಿದು ಎದ್ದು ನಾಲ್ಕು ಹೆಜ್ಜೆ ಇಟ್ಟ ದಿನ ಮನೆಯವರೆಲ್ಲ ಹಿಗ್ಗುವುದಿಲ್ಲವೇ? ವ್ಯಸನವೂ ಹಾಗೆ ಮನಸ್ಸನ್ನು ಮುರಿಯುವ ರೋಗ. ಅದರಿಂದ ಏಳುವವನ ನಾಲ್ಕು ದಿನಗಳೆಂದರೆ ಆ ನಾಲ್ಕು ಹೆಜ್ಜೆಗಳೇ.

ಜೋಳಿಗೆಗೆ ಬಿದ್ದ ಭಿಕ್ಷೆ

ಜೋಳಿಗೆ ಎಂದರೆ ಜಂಗಮರು ಮನೆ ಮನೆಗೆ ಹೋಗಿ ಹಿಡಿ ಜೋಳ, ಹಿಡಿ ಅಕ್ಕಿ ಸ್ವೀಕರಿಸುವ ಚೀಲ. ಅದು ತುಂಬುವುದೇ ಹಿಡಿ ಹಿಡಿಯಾಗಿ. ಇಳಕಲ್ಲಿನ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಈ ಜೋಳಿಗೆಗೆ ಹೊಸ ಅರ್ಥ ಕೊಟ್ಟರು. ಕಾಳು ಬೇಡ, ಕಾಣಿಕೆ ಬೇಡ, ನಿಮ್ಮ ದುಶ್ಚಟವನ್ನೇ ಭಿಕ್ಷೆಯಾಗಿ ನೀಡಿ ಎಂದು ಅವರು ಊರೂರು, ಕೇರಿ ಕೇರಿ ತಿರುಗಿದರು. 'ಮಹಾಂತ ಜೋಳಿಗೆ' ಎಂದೇ ಅದು ನಾಡಿನಲ್ಲೆಲ್ಲ ಹೆಸರಾಯಿತು. ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ.

ಈ ಜೋಳಿಗೆಯ ಒಳಗುಟ್ಟನ್ನು ತಿಳಿಯಬೇಕು. ಗುರುವು ಬೈಯಲು ಬರಲಿಲ್ಲ, ಬೇಡಲು ಬಂದ. ಊರವರೆಲ್ಲ ಕೀಳಾಗಿ ಕಾಣುತ್ತಿದ್ದ ಕುಡುಕನನ್ನು ಆ ಗಳಿಗೆಯಲ್ಲಿ ಕೊಡುವವನ ಸ್ಥಾನದಲ್ಲಿ ನಿಲ್ಲಿಸಿದ. ತನ್ನಲ್ಲಿಯೂ ಗುರುವಿಗೆ ಕೊಡುವಂಥದ್ದು ಒಂದಿದೆ ಎಂಬ ಭಾವನೆ ಮೂಡಿದಾಗ ಬಗ್ಗಿದ ತಲೆ ಮೇಲೇಳುತ್ತದೆ. ಸಣ್ಣ ಹೆಜ್ಜೆಯನ್ನು ಗೌರವಿಸುವುದು ಎಂದರೆ ಇದೇ.

ಆದರೆ ಒಂದು ಮಾತನ್ನು ಮರೆಯಬಾರದು. ಜೋಳಿಗೆಗೆ ಹಾಕುವುದು ಒಂದು ಗಳಿಗೆಯ ಕೆಲಸ. ಹಾಕಿದ್ದನ್ನು ಮರಳಿ ತೆಗೆದುಕೊಳ್ಳದಿರುವುದು ದಿನದಿನದ ಕೆಲಸ. ಕೊಟ್ಟ ದಿನ ಊರೆಲ್ಲ ಜೊತೆಗಿರುತ್ತದೆ. ಮರುದಿನ ಸಂಜೆ ಏಳು ಗಂಟೆಗೆ, ಕಾಲುಗಳು ತಾವಾಗಿಯೇ ಹಳೆಯ ದಾರಿ ಹಿಡಿಯುವ ಹೊತ್ತಿನಲ್ಲಿ, ಅವನು ಒಬ್ಬನೇ ಇರುತ್ತಾನೆ. ಆ ಹೊತ್ತಿನಲ್ಲಿ ಅವನ ಜೊತೆಗಿರುವವರು ಯಾರು ಎಂಬುದೇ ನಿಜವಾದ ಪ್ರಶ್ನೆ.

ಮೆಟ್ಟಿಲು ಮೆಟ್ಟಿಲಾಗಿ

ನಮ್ಮ ಶರಣರು ಸಾಧನೆಯ ದಾರಿಯನ್ನು ಆರು ಸ್ಥಲಗಳಾಗಿ ತೋರಿಸಿಕೊಟ್ಟರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಈ ಆರರಲ್ಲಿ ಮೊದಲನೆಯದರಲ್ಲಿ ನಿಂತವನನ್ನು 'ನೀನಿನ್ನೂ ಐಕ್ಯನಾಗಿಲ್ಲ' ಎಂದು ಯಾವ ಗುರುವೂ ಹೀಗಳೆಯಲಿಲ್ಲ. ಭಕ್ತಸ್ಥಲಕ್ಕೂ ಅದರದೇ ಆದ ಮರ್ಯಾದೆ ಉಂಟು. ಹನ್ನೆರಡನೆಯ ಶತಮಾನದ ಶರಣರ ಕೂಟದಲ್ಲಿ ಹೆಂಡದ ಮಾರಯ್ಯನೂ ಇದ್ದ. ಹೆಂಡ ಮಾರುತ್ತಿದ್ದವನಿಗೂ ಆ ಕೂಟದಲ್ಲಿ ಸ್ಥಾನವಿತ್ತು. ಇಂದಿಗೂ ಅವನ ವಚನಗಳನ್ನು ನಾವು ಓದುತ್ತೇವೆ. ಕುಡಿಯಲು ಬಂದವರಿಗೆ ಅವನು ಕುಡಿತದ ಕೇಡನ್ನು ತಿಳಿಸಿ ಹೇಳುತ್ತಿದ್ದನೆಂದು ಪರಂಪರೆ ನೆನೆಯುತ್ತದೆ. ಮನುಷ್ಯನನ್ನು ಅವನು ನಿಂತ ಜಾಗದಿಂದಲೇ ಕೈಹಿಡಿದು ಕರೆದುಕೊಂಡು ಬರುವುದು ಶರಣರ ರೀತಿ.

ದೂರದ ಅಮೆರಿಕದಲ್ಲಿಯೂ ಅನುಭವ ಇದೇ ಪಾಠ ಕಲಿಸಿತು. 1935ರಲ್ಲಿ ಅಲ್ಲಿ ಕುಡಿತದಿಂದ ನೊಂದ ಇಬ್ಬರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ವೈದ್ಯ, ಪರಸ್ಪರ ಆಸರೆಯಾಗಿ ಕುಡಿತ ಬಿಟ್ಟರು. ಅದರಿಂದ ಬೆಳೆದ 'ಆಲ್ಕೋಹಾಲಿಕ್ಸ್ ಅನಾನಿಮಸ್' ಎಂಬ ಕೂಟ ಇಂದು ನಮ್ಮ ದೇಶದಲ್ಲಿಯೂ ಇದೆ. ಜನ್ಮವಿಡೀ ಕುಡಿಯುವುದಿಲ್ಲ ಎಂಬ ದೊಡ್ಡ ಆಣೆಯನ್ನು ಅಲ್ಲಿ ಕೇಳುವುದಿಲ್ಲ. ಈ ಒಂದು ದಿನ ಕುಡಿಯದಿರು ಎನ್ನುತ್ತಾರೆ. ಅಲ್ಲಿಯ ಅನೇಕ ಕೂಟಗಳಲ್ಲಿ ಇಪ್ಪತ್ನಾಲ್ಕು ಗಂಟೆ ಕಳೆದವನಿಗೆ ಒಂದು ಬಿಲ್ಲೆ, ತಿಂಗಳು ಕಳೆದವನಿಗೆ ಇನ್ನೊಂದು, ವರ್ಷ ಕಳೆದವನಿಗೆ ಮತ್ತೊಂದು ಕೊಡುವ ರೂಢಿ ಉಂಟು. ಆ ಬಿಲ್ಲೆಗೆ ಪೇಟೆಯಲ್ಲಿ ಬೆಲೆ ಇಲ್ಲ. ಆದರೆ ಜೇಬಿಗೆ ಕೈ ಹಾಕಿದಾಗ ಅದು ಬೆರಳಿಗೆ ತಾಗುತ್ತದೆ, ಗೆದ್ದ ದಿನಗಳನ್ನು ನೆನಪಿಸುತ್ತದೆ.

ನಮ್ಮಲ್ಲಿಯೂ ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ನಡೆಯುತ್ತಾ ಬಂದಿವೆ. ಶಿಬಿರ ಮುಗಿದ ಮೇಲೆ ಅವರನ್ನು ಹಾಗೆಯೇ ಬಿಟ್ಟುಬಿಡುವುದಿಲ್ಲ. 'ನವಜೀವನ ಸಮಿತಿ' ಎಂಬ ಕೂಟದಲ್ಲಿ ಅವರು ಮತ್ತೆ ಮತ್ತೆ ಸೇರಿ ತಮ್ಮ ಸುಖದುಃಖ ಹೇಳಿಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಒಂಬತ್ತನೆಯ ದಿನ ಎಂಬುದನ್ನು ಈ ಸಮಿತಿಗಳನ್ನು ಕಟ್ಟಿದವರು ಬಲ್ಲರು.

ದೇಹವೂ ಲೆಕ್ಕ ಇಡುತ್ತದೆ

ಸಣ್ಣ ಹೆಜ್ಜೆಯಿಂದ ಏನಾದೀತು ಎನ್ನುವವರು ದೇಹದ ಲೆಕ್ಕವನ್ನು ನೋಡಬೇಕು. ಬೀಡಿ ಸಿಗರೇಟು ಸೇದುವವನು ಕೊನೆಯದನ್ನು ಆರಿಸಿದ ಇಪ್ಪತ್ತು ನಿಮಿಷಕ್ಕೆ ಏರಿದ ಎದೆಬಡಿತ ಇಳಿಯತೊಡಗುತ್ತದೆ. ಹನ್ನೆರಡು ಗಂಟೆಗಳಲ್ಲಿ ರಕ್ತದಲ್ಲಿ ಸೇರಿದ ವಿಷಗಾಳಿ ಸಹಜ ಮಟ್ಟಕ್ಕೆ ಬರುತ್ತದೆ. ಕೆಲವು ವಾರ ಕಳೆದರೆ ಉಸಿರಾಟ ಸುಧಾರಿಸುತ್ತದೆ. ಒಂದು ವರ್ಷ ತುಂಬುವ ಹೊತ್ತಿಗೆ ಹೃದಯರೋಗದ ಅಪಾಯ ಸೇದುವವನಿಗೆ ಇರುವುದರ ಅರ್ಧದಷ್ಟಕ್ಕೆ ಇಳಿಯುತ್ತದೆ. ಕುಡಿತದಿಂದ ಕೊಬ್ಬು ತುಂಬಿದ ಪಿತ್ತಜನಕಾಂಗವೂ, ರೋಗ ಮುಂದುವರಿಯದಿದ್ದರೆ, ಕೆಲವು ವಾರಗಳ ಸಂಯಮದಿಂದಲೇ ಚೇತರಿಸಿಕೊಳ್ಳುತ್ತದೆ. ಶಿವನು ಕೊಟ್ಟ ಈ ಕಾಯ ಎಷ್ಟು ಕ್ಷಮಾಶೀಲವಾದುದು ನೋಡಿರಿ! ಮನುಷ್ಯ ನಂಬುವ ಮೊದಲೇ ದೇಹ ಅವನನ್ನು ನಂಬಿ ದುರಸ್ತಿಗೆ ತೊಡಗುತ್ತದೆ.

ಮನೆಯ ಲೆಕ್ಕವೂ ಹಾಗೆಯೇ. ದಿನಕ್ಕೆ ನೂರು ರೂಪಾಯಿ ಕುಡಿತಕ್ಕೆ ಹಾಕುತ್ತಿದ್ದವನು ಒಂದು ತಿಂಗಳು ಬಿಟ್ಟರೆ 3,000 ರೂಪಾಯಿ, ಒಂದು ವರ್ಷ ಬಿಟ್ಟರೆ 36,500 ರೂಪಾಯಿ ಉಳಿಯುತ್ತದೆ. ಇದು ಬರಿಯ ಹಣವಲ್ಲ. ಮಗಳ ಶಾಲೆಯ ಖರ್ಚು, ಒತ್ತೆ ಬಿದ್ದ ಬೆಂಡೋಲೆ, ಅಂಗಡಿಯವನ ಉದ್ದರಿ ಎಲ್ಲವೂ ಅದರಲ್ಲಿದೆ.

ಇಲ್ಲಿಯೇ ಹಿರಿಯರು ಎಚ್ಚರದಿಂದ ಕೇಳಬೇಕಾದ ಒಂದು ಸಂಗತಿ ಉಂಟು. ಬಹಳ ವರ್ಷ, ಬೆಳಿಗ್ಗೆಯಿಂದಲೇ, ದಿನವೂ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ದಿಕ್ಕುತಪ್ಪಿ ಮಾತಾಡುವುದು, ಇಲ್ಲದ್ದನ್ನು ಕಾಣುವುದು ಉಂಟು. ಇದನ್ನು ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸಲು ಕರೆದೊಯ್ಯಬೇಡಿರಿ. ಇದು ಜೀವಕ್ಕೆ ಅಪಾಯ ತರುವ ಸ್ಥಿತಿ; ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಇಂಥವನು ಆಣೆ ಮಾಡುವ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು. ಹಾಗೆಯೇ ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಔಷಧದ ಪುಡಿ ಬೆರೆಸಿ ಕೊಡುವ ಕೆಲಸವನ್ನೂ ಯಾವ ತಾಯಿಯೂ ಮಾಡಬಾರದು. ಅದರ ಮೇಲೆ ಅವನು ಕುಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ತಜ್ಞರನ್ನು ಕಾಣಬಹುದು. 14446 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ವ್ಯಸನದ ಬಗ್ಗೆ, 14416ಕ್ಕೆ ಮಾಡಿದರೆ ಮನಸ್ಸಿನ ತೊಂದರೆಯ ಬಗ್ಗೆ ಉಚಿತವಾಗಿ ಸಲಹೆ ದೊರೆಯುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿ ನಮ್ಮ ನಿಮ್ಮ ಊರುಗಳಲ್ಲಿಯೇ ಇದ್ದಾರೆ.

ಶ್ರಾವಣ ಮುಗಿದ ಮರುದಿನ

ನಮ್ಮ ಹಳ್ಳಿಗಳಲ್ಲಿ ಶ್ರಾವಣ ಬಂದರೆ ಕುಡಿತ ಬಿಡುವವರು ಅನೇಕರು. ಮಠದಲ್ಲಿ ಪುರಾಣ ಪ್ರವಚನ ಕೇಳುತ್ತಾರೆ, ಭಜನೆಗೆ ಕುಳಿತುಕೊಳ್ಳುತ್ತಾರೆ, ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಉಣ್ಣುತ್ತಾರೆ. ತಿಂಗಳು ಮುಗಿದ ಮರುದಿನ ಮತ್ತೆ ಹಳೆಯ ದಾರಿ. ಇದನ್ನು ಕಂಡು 'ಇದೆಂಥ ವ್ರತ' ಎಂದು ನಗುವವರಿದ್ದಾರೆ. ಆದರೆ ವಿಚಾರ ಮಾಡಿ ನೋಡಿದರೆ ಆ ಮನುಷ್ಯ ಒಂದು ದೊಡ್ಡ ಸಂಗತಿಯನ್ನು ಸಿದ್ಧಮಾಡಿ ತೋರಿಸಿದ್ದಾನೆ. ತನ್ನಿಂದ ಬಿಡಲು ಆಗುವುದೇ ಇಲ್ಲ ಎಂದು ಹನ್ನೊಂದು ತಿಂಗಳು ಹೇಳುತ್ತಿದ್ದವನು ಒಂದು ತಿಂಗಳು ಬಿಟ್ಟಿದ್ದಾನೆ. ಬಿಡುವ ಶಕ್ತಿ ಅವನಲ್ಲಿ ಇದೆ ಎಂದಾಯಿತು.

ಆದ್ದರಿಂದ ಶ್ರಾವಣದ ಕೊನೆಯ ದಿನ ಮಂಗಲ ಹಾಡಿ ಮನೆಗೆ ಕಳಿಸುವ ಬದಲು, ಮರುದಿನ ಸಂಜೆ ಅವನನ್ನು ಮಠಕ್ಕೋ ಭಜನೆಗೋ ಕರೆಯಿರಿ. 'ಒಂದು ತಿಂಗಳು ನಡೆದೆ, ಇನ್ನೊಂದು ವಾರ ನಡೆ' ಎನ್ನಿರಿ. ವಾರ ಕಳೆದರೆ ಮಹಾನವಮಿಯವರೆಗೆ, ಅದು ಕಳೆದರೆ ದೀಪಾವಳಿಯವರೆಗೆ. ಹಬ್ಬದಿಂದ ಹಬ್ಬಕ್ಕೆ ದಾಟಿಸುತ್ತಾ ಹೋದರೆ ವರ್ಷ ತುಂಬುವುದು ಗೊತ್ತಾಗುವುದಿಲ್ಲ.

ಜಾರಿದವನ ಕೈಹಿಡಿಯುವುದು

ಎಷ್ಟು ಕಾದರೂ ಒಮ್ಮೊಮ್ಮೆ ಕಾಲು ಜಾರುತ್ತದೆ. ನೂರು ದಿನ ಬಿಟ್ಟವನು ನೂರೊಂದನೆಯ ದಿನ ಮದುವೆಯ ಮನೆಯಲ್ಲೋ ಜಾತ್ರೆಯಲ್ಲೋ ಕುಡಿದುಬಿಡುತ್ತಾನೆ. ಆಗ ಊರು ಏನನ್ನುತ್ತದೆ? 'ನಾಯಿ ಬಾಲ ಡೊಂಕು' ಎನ್ನುತ್ತದೆ. ಆ ಒಂದು ಮಾತಿನಿಂದ ಅವನ ನೂರು ದಿನಗಳೂ ಮಣ್ಣುಪಾಲಾಗುತ್ತವೆ. ಹೇಗಿದ್ದರೂ ಹೆಸರು ಕೆಟ್ಟಿತು ಎಂದು ಅವನು ಮತ್ತೆ ಪೂರ್ತಿ ಮುಳುಗುತ್ತಾನೆ. ಅವನನ್ನು ಒಂದು ಲೋಟ ಕೆಡವಿದ್ದಕ್ಕಿಂತ ನಮ್ಮ ನಾಲಿಗೆ ಹೆಚ್ಚು ಕೆಡವಿತು ಎಂದೇ ಹೇಳಬೇಕು.

ನೂರು ದಿನ ಸಂಯಮದಿಂದ ಇದ್ದದ್ದು ಸುಳ್ಳಲ್ಲ. ಆ ದಿನಗಳಲ್ಲಿ ಮಕ್ಕಳು ಹೆದರದೆ ಮಲಗಿದ್ದು ನಿಜ, ಮನೆಯಾಕೆ ನೆಮ್ಮದಿಯಿಂದ ಉಂಡದ್ದು ನಿಜ. ಕಳೆದುಹೋದದ್ದು ಒಂದು ದಿನ ಮಾತ್ರ. 'ಎಲ್ಲಿ ಜಾರಿದೆ, ಯಾರ ಜೊತೆ ಇದ್ದೆ, ಆ ಹೊತ್ತಿನಲ್ಲಿ ಮನಸ್ಸಿಗೆ ಏನು ನೋವಾಗಿತ್ತು' ಎಂದು ಸಮಾಧಾನದಿಂದ ಕೇಳಿದರೆ ಆ ಬೀಳುವಿಕೆಯೇ ಮುಂದಿನ ದಾರಿಗೆ ದೀಪವಾಗುತ್ತದೆ. ಹಾಗೆಂದು ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುವುದನ್ನು ಸಹಿಸಿಕೊಳ್ಳಬೇಕೆಂದಲ್ಲ. ಕರುಣೆ ಬೇರೆ, ಅನ್ಯಾಯಕ್ಕೆ ಕಣ್ಣುಮುಚ್ಚುವುದು ಬೇರೆ. ಆ ತಾಯಿಯ ರಕ್ಷಣೆ ಮೊದಲು, ಅವನ ಸುಧಾರಣೆ ಆಮೇಲೆ.

ಹಿಗ್ಗುವುದು ಹೇಗೆ?

ಸಣ್ಣ ಗೆಲುವನ್ನು ಕೊಂಡಾಡಲು ದೊಡ್ಡ ವೇದಿಕೆ ಬೇಡ, ಶಾಲು ಹಾರ ಬೇಡ. ನಾಲ್ಕು ದಿನ ಬಿಟ್ಟವನನ್ನು ಸಭೆಯಲ್ಲಿ ನಿಲ್ಲಿಸಿ ಸನ್ಮಾನ ಮಾಡಿದರೆ ಆ ಭಾರವೇ ಅವನನ್ನು ಕುಗ್ಗಿಸಬಹುದು. ನಾಳೆ ಜಾರಿದರೆ ಮುಖ ತೋರಿಸಲು ಆಗದೆ ಊರು ಬಿಡಬಹುದು. ಅವನು ಒಪ್ಪಿದರೆ ಮಾತ್ರ ನಾಲ್ಕು ಜನರೆದುರು ಹೇಳಬೇಕು.

ಮನೆಯಲ್ಲಿ ಮಾಡುವುದು ಬೇಕಾದಷ್ಟಿದೆ. ವಾರ ತುಂಬಿದ ದಿನ ಮನೆಯಾಕೆ ಹೋಳಿಗೆ ಮಾಡಲಿ. ಮಕ್ಕಳು ಗೋಡೆಯ ಪಂಚಾಂಗದಲ್ಲಿ ಕುಡಿಯದ ದಿನಕ್ಕೆ ವಿಭೂತಿಯ ಒಂದು ಬೊಟ್ಟು ಇಡಲಿ. ಉಳಿದ ಹಣವನ್ನು ಒಂದು ಡಬ್ಬಿಗೆ ಹಾಕಿ ತಿಂಗಳಿಗೊಮ್ಮೆ ಎಲ್ಲರೂ ಕೂಡಿ ಎಣಿಸಲಿ. ಹಿರಿಯರು ಅವನನ್ನು ಮತ್ತೆ ಹೆಸರು ಹಿಡಿದು ಕರೆಯಲಿ, ಮನೆಯ ಒಂದು ಸಣ್ಣ ವ್ಯವಹಾರವನ್ನು ಅವನ ಕೈಗೆ ಒಪ್ಪಿಸಲಿ. ಮಠದ ದಾಸೋಹದಲ್ಲಿ ನೀರು ಬಡಿಸುವ, ಎಲೆ ಹಾಸುವ ಸೇವೆ ಕೊಡಿರಿ. ಕಾಯಕ ಸಿಕ್ಕ ಕೈಗೆ ಲೋಟದ ನೆನಪು ಕಡಿಮೆಯಾಗುತ್ತದೆ. ಸಂಜೆಯ ಲಿಂಗಪೂಜೆಯ ಹೊತ್ತನ್ನು ಅವನು ಹಿಂದೆ ಅಂಗಡಿಗೆ ಹೋಗುತ್ತಿದ್ದ ಹೊತ್ತಿಗೇ ಇಟ್ಟುಕೊಳ್ಳಲಿ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತಷ್ಟು ಹೊತ್ತು ಆ ಕೈ ಬೇರೆ ಯಾವುದನ್ನೂ ಹಿಡಿಯಲಾರದು.

ಸದ್ಭಕ್ತರೇ, ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದು ಮಳೆಯ ನೀರಿಗೆ ಮಾತ್ರವಲ್ಲ, ಮನುಷ್ಯನ ಒಳ್ಳೆಯ ದಿನಗಳಿಗೂ ಸಲ್ಲುತ್ತದೆ. ನಿಮ್ಮ ಓಣಿಯಲ್ಲಿ ಇಂದು ಯಾರೋ ಒಬ್ಬನು ಕುಡಿಯದೆ ಮನೆಗೆ ಬಂದಿರಬಹುದು. ಅವನು ಯಾರಿಗೂ ಹೇಳಿರಲಿಕ್ಕಿಲ್ಲ, ನಾಳೆಯ ಬಗ್ಗೆ ಅವನಿಗೇ ಧೈರ್ಯವಿಲ್ಲದಿರಬಹುದು. ನಾಳೆ ಅವನು ಎದುರಿಗೆ ಬಂದಾಗ ನಿಂತು, 'ಬಾರಪ್ಪ, ಆರಾಮ ಇದ್ದೀಯಾ? ಮುಖದಲ್ಲಿ ಕಳೆ ಬಂದಿದೆ' ಎಂದು ಒಂದು ಮಾತು ಆಡಿರಿ. ಆ ಮಾತಿನ ಬಲದಿಂದ ಅವನು ಇನ್ನೊಂದು ಸಂಜೆಯನ್ನು ದಾಟಲಿ. ಎಲ್ಲರಿಗೂ ಶುಭವಾಗಲಿ.