ಮಲ್ಲಯ್ಯನ ಬೆಟ್ಟಕ್ಕೆ ಹೆಗಲ ಚೀಲ

ಯುಗಾದಿ ಸಮೀಪಿಸಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಿಂದ ಭಕ್ತರು ತಂಡ ತಂಡವಾಗಿ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕಂಬಿ ಹೊತ್ತವರು, ಭ್ರಮರಾಂಬೆ ನಮ್ಮ ನಾಡಿನ ಮಗಳೆಂದು ಸೀರೆ-ಕುಪ್ಪಸ ಒಯ್ಯುವವರು, ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರು ಆ ಸಾಲಿನಲ್ಲಿರುತ್ತಾರೆ. ದಾರಿ ಸುಮಾರು 400 ಕಿ.ಮೀ. ರಾಯಚೂರು ದಾಟಿ ಆಂಧ್ರದ ಆತ್ಮಕೂರು ಮುಟ್ಟುವವರೆಗೆ ಅದು ಬಹುಮಟ್ಟಿಗೆ ಬಯಲ ದಾರಿ. ಊರೂರಿನಲ್ಲಿ ದಾಸೋಹವಿದೆ, ಹಾಸಿಗೆ, ದಿನಸಿ, ಔಷಧಗಳನ್ನು ಹೊತ್ತ ಟ್ರ್ಯಾಕ್ಟರ್ ಜತೆಗಿರುತ್ತದೆ.

ಆತ್ಮಕೂರಿನಾಚೆ ನಲ್ಲಮಲ ಅರಣ್ಯ. ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು ಮಾರ್ಗವಾಗಿ ಕೈಲಾಸದ್ವಾರಕ್ಕೆ ಏರುವ ಕಲ್ಲುದಾರಿ ಅದು. ನಮ್ಮ ಟ್ರ್ಯಾಕ್ಟರ್ ಅಲ್ಲಿಂದ ದೋರ್ನಾಳದ ಘಟ್ಟ ರಸ್ತೆ ಹಿಡಿಯಿತು. ಅಂದರೆ, ಸಲಕರಣೆ ನಿಜಕ್ಕೂ ಬೇಕಾಗುವ ಹಾದಿಯಲ್ಲಿಯೇ ಅದು ನಮ್ಮ ಬಳಿ ಇರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಅರವತ್ತು ದಾಟಿದ ನನ್ನ ಸೋದರಮಾವ ಭೀಮುನಿ ಕೊಳನಿನ ಇಳಿಜಾರಿನಲ್ಲಿ ಕುಸಿದು ಕುಳಿತರು. ಹೊಸ ಬೂಟು ಕಚ್ಚಿ ಹಿಮ್ಮಡಿ ಒಡೆದಿತ್ತು, ಮಾತು ತೊದಲುತ್ತಿತ್ತು. ನಾಲ್ವರ ನಡುವೆ ಉಳಿದಿದ್ದುದು ಅರ್ಧ ಬಾಟಲಿ ನೀರು. ಓಆರ್‌ಎಸ್ ಪೊಟ್ಟಣಗಳು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಕೊಂಡು ತಂದು ಅಲ್ಲಿಟ್ಟವನು ನಾನೇ. ಹಿಂದಿನಿಂದ ಬಂದ ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ಅವರನ್ನು ನೆರಳಿಗೆ ಸರಿಸಿ, ಮೈಮೇಲೆ ನೀರು ಚಿಮುಕಿಸಿ, ಸೆರಗಿನಿಂದ ಗಾಳಿ ಹಾಕಿದರು. ಚೇತರಿಸಿಕೊಂಡ ಮೇಲೆ ಗುಟುಕು ಗುಟುಕಾಗಿ ಕುಡಿಸಿದರು. "ಮಲ್ಲಯ್ಯ ಕಾಯ್ತಾನ ಖರೆ ತಮ್ಮಾ, ನೀರಿನ ಬಾಟ್ಲಿ ನೀನ ಹೊರಬೇಕಲ್ಲೋ" ಎಂದ ಹಿರಿಯ ತಾಯಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಮುದ್ರಮಟ್ಟದ ಲೆಕ್ಕದಲ್ಲಿ ಶ್ರೀಶೈಲ ನಮ್ಮ ಬಾಗೇವಾಡಿಗಿಂತ ಎತ್ತರದಲ್ಲೇನೂ ಇಲ್ಲ. ಕಷ್ಟವಿರುವುದು ಏರಿಳಿತದಲ್ಲಿ ಮತ್ತು ಚೈತ್ರದ ಬಿಸಿಲಿನಲ್ಲಿ. ಕಾಡಿನಲ್ಲಿಯೂ ಪುಣ್ಯಾತ್ಮರು ನೀರು ಹಂಚುತ್ತಾರೆ. ಆದರೆ ಎರಡು ಅರವಟ್ಟಿಗೆಗಳ ನಡುವೆ ಹೆಗಲ ಮೇಲಿನ ನೀರೇ ಗತಿ. ಮೂರು ಲೀಟರೆಂದರೆ ಮೂರು ಕಿಲೊ ಭಾರ. ಅದನ್ನು ತಗ್ಗಿಸಲಾಗದು, ಉಳಿದುದನ್ನು ತಗ್ಗಿಸಬೇಕು. ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಬಿಸಿಲಿಗೆ ಮತಿ ತಪ್ಪಿ ಮಾತನಾಡುವವರ ಬಾಯಿಗೆ ನೀರು ಸುರಿಯಕೂಡದು. ಮೊದಲು ಮೈ ತಂಪಾಗಬೇಕು.

ಪಾದರಕ್ಷೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಹೊರಡುವ ಮುನ್ನಾದಿನ ಪೇಟೆಯಲ್ಲಿ ಹೊಸದನ್ನು ಕೊಳ್ಳುವುದು. ನಡೆದಂತೆ ಪಾದ ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆ ಹೊತ್ತು ಅಳತೆ ನೋಡಿ, ತುಸು ಸಡಿಲವಾದುದನ್ನೇ ಆರಿಸಿ, ತಿಂಗಳೊಪ್ಪತ್ತು ಹೊಲಕ್ಕೆ ಮೆಟ್ಟಿಕೊಂಡು ಹೋಗಿ ಪಳಗಿಸಬೇಕು. ಹವಾಯಿ ಚಪ್ಪಲಿ ಇಳಿಜಾರಿನಲ್ಲಿ ಹಿಮ್ಮಡಿಯನ್ನು ಹಿಡಿಯದು. ಚರ್ಮ ಉರಿಯತೊಡಗಿದ ಕೂಡಲೇ ನಿಂತು ಅಂಟುಪಟ್ಟಿ ಹಚ್ಚಿದರೆ ಬೊಬ್ಬೆ ಏಳುವುದು ಬಹುಮಟ್ಟಿಗೆ ತಪ್ಪುತ್ತದೆ. ಬರಿಗಾಲ ಹರಕೆಯವರ ನಿಷ್ಠೆಯನ್ನು ಪ್ರಶ್ನಿಸಲಾರೆ. ಅವರ ಚೀಲದಲ್ಲಿ ಅಂಟುಪಟ್ಟಿ, ಶುದ್ಧ ಅರಿವೆ ಎರಡು ಪಾಲು ಹೆಚ್ಚಿರಲಿ.

ಅಜ್ಜಂದಿರ ಬಿದಿರ ಕೋಲು ಇಳಿಯುವಾಗ ಮೊಣಕಾಲಿನ ಭಾರ ಹೊರುತ್ತದೆ. ಅವರ ರುಮಾಲನ್ನು ತೋಯಿಸಿ ಸುತ್ತಿದರೆ ಯಾವ ಟೊಪ್ಪಿಗೆಯೂ ಸಮನಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಹಗುರಾದ, ಕೆಡದ ಬುತ್ತಿಯನ್ನು ನಾನಂತೂ ಕಂಡಿಲ್ಲ. ಇವಕ್ಕೆ ಹಣೆಗೆ ಕಟ್ಟುವ ದೀಪವೊಂದು, ಸೀಟಿಯೊಂದು ಸೇರಬೇಕು. ಮೊಬೈಲನ್ನೇ ದೀಪವೆಂದು ನಂಬಿದರೆ ತುರ್ತಿಗೆ ಅದೂ ಇಲ್ಲ, ಇದೂ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳು ಮತ್ತು ಮನೆಯವರ ಸಂಖ್ಯೆ ಬರೆದ ಚೀಟಿ ಕಿಸೆಯಲ್ಲಿರಬೇಕೇ ಹೊರತು ಟ್ರ್ಯಾಕ್ಟರಿನಲ್ಲಲ್ಲ. ಬೀಸಾಡುವ ಪ್ಲಾಸ್ಟಿಕ್ ಬಾಟಲಿ ಮಾತ್ರ ಬೇಡ; ಅದು ಹುಲಿ ಸಂರಕ್ಷಿತ ಅರಣ್ಯ.

ಮಾವ ಈ ಸಲವೂ ಹೊರಡುವವರೇ. ಮೊಮ್ಮಗನ ಹಳೆಯ ಶಾಲಾ ಚೀಲಕ್ಕೆ ಹೊಸ ಪಟ್ಟಿ ಹೊಲಿಸಿಕೊಂಡಿದ್ದಾರೆ. ಬೂಟು ದೀಪಾವಳಿಯಲ್ಲಿಯೇ ಕೊಂಡದ್ದು. ಈಗಾಗಲೇ ಹೊಲದ ಎರೆಮಣ್ಣು ಮೆತ್ತಿ ಅದರ ಬಣ್ಣವೇ ಗುರುತು ಸಿಗದಂತಾಗಿದೆ.